ಆರ್ಕ್ಟಿಕ್‌ನ ಎಣ್ಣೆ ಬಾವಿಗಳ ನಡುವೆ ಹೆಬ್ಬಾತುಗಳು: ಗೂಡುಗಳ ಸಂಖ್ಯೆ ಇಳಿದಿಲ್ಲ ಅಂದ್ರೆ ತೊಂದರೆ ಇಲ್ಲ ಅಂತಲೇ?

ಜೌಗುನೆಲ

ಅಲಾಸ್ಕಾದ ಉತ್ತರ ಕರಾವಳಿ ಬಯಲಿನ (ನಾರ್ತ್ ಸ್ಲೋಪ್) ಬಗ್ಗೆ ಈ ಚರ್ಚೆ. ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿದ್ದು 1968ರಲ್ಲಿ. ವಾಲ್ಡೀಜ್ ಬಂದರಿನ ತನಕ ಸುಮಾರು 1,290 ಕಿ.ಮೀ. ಪೈಪ್‌ಲೈನ್ ಶುರುವಾಗಿದ್ದು 1977ರಲ್ಲಿ. ಆಮೇಲೆ ಕುಪಾರುಕ್, ಎಂಡಿಕಾಟ್, 2000ದಲ್ಲಿ ಆಲ್ಪೈನ್ ಎಣ್ಣೆ ಕ್ಷೇತ್ರಗಳು. 2023ರ ಮಾರ್ಚ್‌ನಲ್ಲಿ ವಿಲೋ ಎಣ್ಣೆ ಯೋಜನೆಗೂ ಒಪ್ಪಿಗೆ ಬಿತ್ತು. ಇದೇ ಬಯಲಲ್ಲಿ ಬ್ರ್ಯಾಂಟ್ ಎಂಬ ಸಣ್ಣ ಹೆಬ್ಬಾತು, ಬಿಳಿಹಣೆ ಹೆಬ್ಬಾತು, ಹಿಮ ಹೆಬ್ಬಾತು, ಕೆನಡಾ ಹೆಬ್ಬಾತು ಗೂಡು ಮಾಡುತ್ತವೆ.

ವಾದ ಎರಡು ತುದಿಯಲ್ಲಿ ನಿಂತಿದೆ. ಒಂದು ಕಡೆಯವರು ಪೈಪಿನ ಕೆಳಗೆ ಮರಿಗಳ ಜೊತೆ ಮೇಯುವ ಹೆಬ್ಬಾತಿನ ಫೋಟೊ ತೋರಿಸಿ "ನೋಡಿ, ಹಾಯಾಗಿವೆ" ಅನ್ನುತ್ತಾರೆ. ಇನ್ನೊಂದು ಕಡೆಯವರು ಎಣ್ಣೆ ಮೆತ್ತಿದ ಹಕ್ಕಿಯ ಫೋಟೊ ಹಾಕುತ್ತಾರೆ, ಅದು ಎಲ್ಲಿಯದೋ ಸಮುದ್ರದ್ದು. ಎರಡರಿಂದಲೂ ತಿಳಿಯುವುದು ಕಡಿಮೆ. ಮೊಟ್ಟೆ, ಮರಿ, ಗರಿ ಉದುರಿಸಿಕೊಂಡ ದೊಡ್ಡ ಹಕ್ಕಿ, ಇವುಗಳಲ್ಲಿ ಯಾವುದಕ್ಕೆ ಯಾವ ದಾರಿಯಲ್ಲಿ ಪೆಟ್ಟು ಬೀಳುತ್ತದೆ? ಬಲ್ಲವರು ಬಿಡಿಸಿ ಹೇಳಿ.

ಮರಿಲೆಕ್ಕ

ಮೊದಲು ಕ್ಯಾಲೆಂಡರ್. ಅದು ಗೊತ್ತಿಲ್ಲದೆ ಮುಂದಿನದ್ದು ಅರ್ಥವಾಗಲ್ಲ.

ಹಕ್ಕಿಗಳು ಬರುವುದು ಮೇ ಕೊನೆಗೆ, ಹಿಮ ಇನ್ನೂ ಇರುವಾಗಲೇ. ಜೂನ್ ಮೊದಲ ವಾರಗಳಲ್ಲಿ ಮೊಟ್ಟೆ, ಸಾಮಾನ್ಯವಾಗಿ ಮೂರರಿಂದ ಐದು. ಬ್ರ್ಯಾಂಟ್ ಕಾವು ಕೂರುವುದು 23–24 ದಿನ, ಬಿಳಿಹಣೆ ಅದಕ್ಕಿಂತ ಒಂದೆರಡು ದಿನ ಹೆಚ್ಚು. ಜೂನ್ ಕೊನೆ, ಜುಲೈ ಮೊದಲಲ್ಲಿ ಮೊಟ್ಟೆ ಒಡೆಯುತ್ತದೆ. ಒಂದೆರಡು ದಿನದೊಳಗೆ ಮರಿಗಳು ಗೂಡು ಬಿಟ್ಟು ತಂದೆತಾಯಿಯ ಹಿಂದೆ ನಡೆದೇ ಮೇವಿನ ಜಾಗಕ್ಕೆ ಹೊರಡುತ್ತವೆ, ಕೆಲವು ಸಲ ಹತ್ತಾರು ಕಿಲೋಮೀಟರ್. ಹಾರಲು ಬೇಕು 40–45 ದಿನ. ಆ ಹೊತ್ತಿಗೆ ಆಗಸ್ಟ್ ನಡುಭಾಗ. ಸೆಪ್ಟೆಂಬರಿಗೆ ಕೆರೆಗಳು ಹೆಪ್ಪುಗಟ್ಟಲು ಶುರು.

ಇದರಲ್ಲಿ ಹೆಚ್ಚುವರಿ ದಿನ ಅನ್ನುವುದೇ ಇಲ್ಲ. ಬ್ರ್ಯಾಂಟ್ ಮರಿ ಹುಟ್ಟುವಾಗ 45–50 ಗ್ರಾಂ, ಆರೇಳು ವಾರದಲ್ಲಿ ಹದಿನೈದು ಪಟ್ಟಿಗೂ ಮೀರಿ ತೂಗಬೇಕು. ತಿನ್ನುವುದು ಬರೀ ಹುಲ್ಲು. ಮೊಳಕೆಯಾಗಿ ಪ್ರೋಟೀನ್ ಹೆಚ್ಚಿರುವ ಎಳೆ ಜೇಕು ಸಿಗುವುದು ಕೆಲವೇ ವಾರ. ತಡವಾಗಿ ಹುಟ್ಟಿದ ಮರಿ ಸಣ್ಣದಾಗಿಯೇ ಉಳಿಯುತ್ತದೆ, ಸಣ್ಣ ಮರಿ ಮೊದಲ ಚಳಿಗಾಲ ದಾಟುವ ಸಾಧ್ಯತೆ ಕಡಿಮೆ. ಪಶ್ಚಿಮ ಅಲಾಸ್ಕಾದ ಯೂಕಾನ್–ಕುಸ್ಕೊಕ್ವಿಮ್ ನದೀಮುಖದ ಬ್ರ್ಯಾಂಟ್ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಸಾಬೀತಾಗಿದೆ.

ಆದ್ದರಿಂದ ಪ್ರಶ್ನೆಯನ್ನು "ಎಷ್ಟು ಹಕ್ಕಿ ಸತ್ತವು" ಅಂತ ಕೇಳುವುದಕ್ಕಿಂತ "ಎಷ್ಟು ಮೇಯುವ ಗಂಟೆ ಹೋಯಿತು, ಎಷ್ಟು ಮೊಟ್ಟೆ ನರಿಯ ಪಾಲಾಯಿತು" ಅಂತ ಕೇಳಿ.

ಇನ್ನೊಂದು ಮಾತು. ಮರಿ ಬೆಳೆಯುವ ಹೊತ್ತಿಗೇ ತಂದೆತಾಯಿಯ ರೆಕ್ಕೆಗರಿಯೂ ಉದುರುತ್ತದೆ. ಮೂರು–ನಾಲ್ಕು ವಾರ ಇಡೀ ಸಂಸಾರಕ್ಕೆ ಕಾಲು ಮತ್ತು ನೀರು ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಕಾಗೆಗೂಡು

ನನ್ನ ಪ್ರಕಾರ ದೊಡ್ಡ ಪೆಟ್ಟು ಎಣ್ಣೆಯದ್ದಲ್ಲ, ಊಟದ ಡಬ್ಬಿಯದ್ದು. ತಮಾಷೆಗೆ ಹೇಳುತ್ತಿಲ್ಲ.

ಎಣ್ಣೆ ಕ್ಷೇತ್ರ ಅಂದರೆ ಸಾವಿರಾರು ಜನರ ಅಡುಗೆಮನೆ, ಕಸ, ಬೆಚ್ಚಗಿನ ಕಟ್ಟಡ, ಎತ್ತರದ ಕಂಬ. ಇವು ಮೊದಲು ಆ ಬಯಲಲ್ಲಿ ಇರಲೇ ಇಲ್ಲ. ಆರ್ಕ್ಟಿಕ್ ನರಿಗೆ ಚಳಿಗಾಲದ ಹಸಿವೇ ಕಡಿವಾಣ. ಕಸ ಸಿಕ್ಕರೆ ಆ ಕಡಿವಾಣ ಕಳಚಿತು. ಪ್ರೂಡೋ ಬೇ ಭಾಗದಲ್ಲಿ ನರಿ ಬಿಲಗಳ ದಟ್ಟಣೆಯೂ ಮರಿಗಳ ಸಂಖ್ಯೆಯೂ ಪಕ್ಕದ ಖಾಲಿ ಬಯಲಿಗಿಂತ ಹೆಚ್ಚು ಅಂತ 1980ರ ದಶಕದಿಂದಲೇ ದಾಖಲೆ ಇದೆ. ಮೋರಿಯೊಳಗೆ, ಕಟ್ಟಡದ ತಳದಲ್ಲಿ ಬಿಲ ಮಾಡುತ್ತವೆ. ಬಂಡೆಯಾಗಲಿ ಮರವಾಗಲಿ ಇಲ್ಲದ ಆ ಕರಾವಳಿಯಲ್ಲಿ ರೇವನ್ ಕಾಗೆಗೆ ಗೂಡಿಗೆ ಜಾಗವೇ ಇರಲಿಲ್ಲ. ಈಗ ಮಾಡ್ಯೂಲ್ ಕಟ್ಟಡ, ಗೋಪುರಗಳ ಮೇಲೆ ಕಟ್ಟುತ್ತದೆ. ಕಸದ ಗುಂಡಿಗೆ ಗ್ಲಾಕಸ್ ಗಲ್ ಎಂಬ ದೊಡ್ಡ ಕಡಲಹಕ್ಕಿ ಬರುತ್ತದೆ. ಜೊತೆಗೆ ಗ್ರಿಜ್ಲಿ ಕರಡಿ.

ಸಾಗ್ ನದಿಯ (ಪೂರ್ತಿ ಹೆಸರು ಸಗವನಿರ್ಕ್‌ಟೋಕ್) ಮುಖದಲ್ಲಿರುವ ಹೌ ದ್ವೀಪವನ್ನು ನೋಡಿ. ಹಿಮ ಹೆಬ್ಬಾತುಗಳ ಕಾಲೊನಿ ಅಲ್ಲಿರುವುದು 1971ರಲ್ಲಿ ಗೊತ್ತಾಯಿತು. ಎಂಡಿಕಾಟ್ ಕ್ಷೇತ್ರದ ರಸ್ತೆ ಪಕ್ಕದಲ್ಲೇ ಬಂತು, 1987ರಲ್ಲಿ ಉತ್ಪಾದನೆ ಶುರು. ರಸ್ತೆಯ ಗದ್ದಲದಿಂದ ಕಾಲೊನಿ ಖಾಲಿಯಾಗುತ್ತದೆ ಅಂತ ಭಯವಿತ್ತು, ಹಾಗೆ ಆಗಲಿಲ್ಲ. ಆದರೆ 1990ರ ದಶಕದ ಮೊದಲ ಭಾಗದಲ್ಲಿ ನರಿ ಮತ್ತು ಕರಡಿ ದ್ವೀಪಕ್ಕೆ ನುಗ್ಗಿ ಕೆಲವು ವರ್ಷ ಹೆಚ್ಚುಕಡಿಮೆ ಎಲ್ಲ ಗೂಡುಗಳನ್ನೂ ಮುಗಿಸಿದವು. ಅದೇ ಕಾಲದಲ್ಲಿ ಕ್ಷೇತ್ರದ ಕಸ ತಿಂದು ಬೆಳೆದ ಕರಡಿಗಳು ಸುತ್ತಮುತ್ತ ಇದ್ದವು.

ದ್ವೀಪದ ಗೂಡಿಗೆ ಕಾವಲು ನೀರು. ಮೊಟ್ಟೆ ಇಡುವ ಮೊದಲು ನದಿಯ ಮಂಜು ಒಡೆದು ಸುತ್ತ ನೀರು ತುಂಬಿದರೆ ನರಿ ಆಚೆ ದಡದಲ್ಲೇ ಉಳಿಯುತ್ತದೆ. ಒಡೆಯುವುದು ತಡವಾದರೆ ನರಿ ಮಂಜಿನ ಮೇಲೆ ನಡೆದು ಬಂದು ದ್ವೀಪದಲ್ಲೇ ಬೀಡುಬಿಡುತ್ತದೆ. ಆಮೇಲೆ ನೀರು ಬಂದರೂ ಪ್ರಯೋಜನವಿಲ್ಲ, ಕಳ್ಳ ಮನೆಯೊಳಗೇ ಇದ್ದಾನೆ. ಹೊಟ್ಟೆ ತುಂಬಿದರೂ ನಿಲ್ಲಿಸುವುದಿಲ್ಲ. ಒಂದೊಂದೇ ಮೊಟ್ಟೆ ಕಚ್ಚಿಕೊಂಡು ಹೋಗಿ ಪಾಚಿಯ ಕೆಳಗೆ ಹೂತಿಡುತ್ತದೆ, ಒಂದು ಋತುವಿನಲ್ಲಿ ನೂರಾರು. ಕೆಳಗೆ ಹೆಪ್ಪುನೆಲ (ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ) ಇರುವುದರಿಂದ ಮುಂದಿನ ವಸಂತದವರೆಗೂ ಕೆಡುವುದಿಲ್ಲ.

ಪೈಪುಕೆಲಸ

@ಕಾಗೆಗೂಡು, ಹಳೇ ಕತೆ ಸರ್ ಅದು. ಕಸದ ಗುಂಡಿಗೆ ವಿದ್ಯುತ್ ಬೇಲಿ ಬಂದು ಕಾಲವಾಯಿತು. ಕರಡಿ ತೆರೆಯಲಾಗದ ಮುಚ್ಚಳದ ಡಬ್ಬಿ ಇದೆ, ಪ್ರಾಣಿಗೆ ಊಟ ಹಾಕಿದರೆ ಕೆಲಸ ಹೋಗುತ್ತದೆ. ಈಗಲೂ 1990ರ ಚಿತ್ರ ಹಿಡಿದು ಮಾತಾಡುವುದು ಸರಿಯೇ?

ಕಾಗೆಗೂಡು

ಒಪ್ಪುತ್ತೇನೆ, ಬೇಲಿ ಕೆಲಸ ಮಾಡಿತು. ಆದರೆ ಎಲ್ಲಿ ಸೋರುತ್ತದೆ ಅಂತಲೂ ನೋಡಿ.

ಮುಚ್ಚಳದ ಡಬ್ಬಿ ಮುಚ್ಚಿದ್ದರೆ ಮಾತ್ರ ಡಬ್ಬಿ. ಗಾಳಿಗೆ, ಮಂಜು ಕಟ್ಟಿದ ಕೀಲಿಗೆ ಅರ್ಧ ತೆರೆದು ನಿಂತ ಮುಚ್ಚಳ ಸಾಮಾನ್ಯ. ಪಿಕಪ್ ಟ್ರಕ್‌ನ ಹಿಂಭಾಗದಲ್ಲಿ ಬಿಟ್ಟ ಊಟದ ಚೀಲ ರೇವನ್‌ಗೆ ಚೆನ್ನಾಗಿ ಗೊತ್ತು. ಕಟ್ಟಡದ ತಳಕ್ಕೆ ತಗಡಿನ ಲಂಗ ಕಟ್ಟುತ್ತಾರೆ, ನೆಲ ಕುಸಿದಾಗ ಕೆಳಗೆ ಒಂದು ಗೇಣು ಸಂದಿ ಬೀಳುತ್ತದೆ, ನರಿಗೆ ಅಷ್ಟು ಸಾಕು. ರೇವನ್ ಗೂಡು ಕಡ್ಡಿ ಕಟ್ಟುವ ಹಂತದಲ್ಲೇ ತೆಗೆಯಬೇಕು. ಮೊಟ್ಟೆ ಬಿದ್ದ ಮೇಲೆ ವಲಸೆ ಹಕ್ಕಿ ಕಾನೂನು ಅಡ್ಡ ಬರುತ್ತದೆ, ಪರವಾನಗಿ ಇಲ್ಲದೆ ಕೈ ಹಾಕುವಂತಿಲ್ಲ. ಒಂದೇ ಜೋಡಿ ರೇವನ್ ಸಾಕು, ತಾಯಿ ಎದ್ದ ಗೂಡುಗಳನ್ನು ಹುಡುಕಿ ಖಾಲಿ ಮಾಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿ ಇದನ್ನೇ ಎತ್ತಿ ಹೇಳಿತು: ಕ್ಷೇತ್ರದ ಸುತ್ತ ಬೇಟೆ ಪ್ರಾಣಿಗಳು ಹೆಚ್ಚಿದ್ದರಿಂದ ಕೆಲವು ಜಾತಿಯ ಹಕ್ಕಿಗಳು ಅಲ್ಲಿ ಸಾಯುವಷ್ಟು ಹುಟ್ಟುತ್ತಿಲ್ಲದಿರಬಹುದು, ಹೊರಗಿನಿಂದ ಬರುವ ಹಕ್ಕಿಗಳೇ ಸಂಖ್ಯೆಯನ್ನು ತುಂಬುತ್ತಿರಬಹುದು ಅಂತ. ಜೌಗುನೆಲ ಅವರು ಕೇಳಿದ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲೇ ಇದೆ. ಗೂಡಿನ ಸಂಖ್ಯೆ ಇಳಿಯದೆಯೂ ಜಾಗ ಹಕ್ಕಿಗಳನ್ನು ನುಂಗುತ್ತಿರಬಹುದು.

ಜಲ್ಲಿರಸ್ತೆ

ರಸ್ತೆಯ ವಿಷಯ ನಾನು ಸೇರಿಸುತ್ತೇನೆ.

ಅಲ್ಲಿ ಪ್ಯಾಡ್ (ಬಾವಿ, ಕಟ್ಟಡ ನಿಲ್ಲುವ ಕಟ್ಟೆ), ರಸ್ತೆ ಎರಡೂ ಐದಾರು ಅಡಿ ದಪ್ಪದ ಜಲ್ಲಿ ಹಾಸು. ಅಷ್ಟು ದಪ್ಪ ಇಲ್ಲದಿದ್ದರೆ ಕೆಳಗಿನ ಹೆಪ್ಪುನೆಲ ಕರಗಿ ರಸ್ತೆಯೇ ಕುಸಿಯುತ್ತದೆ. ಜಲ್ಲಿಯ ಕೆಳಗೆ ಹೂತುಹೋದ ಹುಲ್ಲುನೆಲ ಲೆಕ್ಕಕ್ಕೆ ಸುಲಭ, ಎಲ್ಲ ವರದಿಯಲ್ಲೂ ಎಕರೆ ಸಮೇತ ಇರುತ್ತದೆ. ಹೆಬ್ಬಾತಿಗೆ ಮುಖ್ಯವಾಗುವುದು ಪಕ್ಕದ ಪಟ್ಟಿ.

ಟ್ರಕ್‌ಗಳು ಎಬ್ಬಿಸಿದ ಧೂಳು ಹಿಮದ ಮೇಲೆ ಕೂತರೆ ಹಿಮ ಕಪ್ಪಾಗಿ ಬಿಸಿಲು ಹೀರುತ್ತದೆ. ಹೆಚ್ಚು ಸಂಚಾರದ ರಸ್ತೆಯ ಪಕ್ಕ ಹಿಮ ಒಂದೆರಡು ವಾರ ಮುಂಚೆಯೇ ಕರಗುತ್ತದೆ. ಸುತ್ತೆಲ್ಲ ಬಿಳಿ ಇರುವಾಗ ಕಪ್ಪು ನೆಲ, ಮೊದಲ ಹಸಿರು ಇಲ್ಲೇ. ಹಸಿದು ಬಂದ ಹೆಬ್ಬಾತುಗಳು ಇಳಿಯುವುದೂ ಇಲ್ಲೇ. ಆ ಫೋಟೊಗಳ ಗುಟ್ಟು ಇದು! ಮೊಟ್ಟೆ ಇಡಲು ಮೈ ತುಂಬಿಸಿಕೊಳ್ಳಬೇಕಾದ ಹೆಣ್ಣಿಗೆ ಇದು ನಿಜವಾಗಿಯೂ ಲಾಭ, ಅದನ್ನು ಮುಚ್ಚಿಡಬಾರದು. ಆದರೆ ರಸ್ತೆ ಬದಿಯಲ್ಲಿ ಹಕ್ಕಿ ಹೆಚ್ಚು ಕಂಡದ್ದಕ್ಕೆ ರಸ್ತೆ ಹಿಡಿಸಿದೆ ಅಂತ ಅರ್ಥ ಮಾಡುವುದು ತಪ್ಪು.

ಎರಡನೆಯದು ನೀರು. ಬಯಲು ಎಷ್ಟು ಸಪಾಟು ಅಂದರೆ ಹಿಮ ಕರಗಿದ ನೀರು ಹಾಳೆಯ ಹಾಗೆ ಹರಡಿ ಹರಿಯುತ್ತದೆ. ರಸ್ತೆ ಅಡ್ಡ ಬಂದರೆ ಮೇಲಿನ ಕಡೆ ನಿಲ್ಲುತ್ತದೆ, ಕೆಳಗಿನ ಕಡೆ ಒಣಗುತ್ತದೆ. ಮೋರಿ ಇದ್ದರೂ ವಸಂತದಲ್ಲಿ ಅದರೊಳಗೆ ಮಂಜು ಗಟ್ಟಿಯಾಗಿ ತುಂಬಿರುತ್ತದೆ. ಸ್ಟೀಮ್ ಹಾಯಿಸಿ ಕರಗಿಸುವುದು ನೀರು ಬರುವ ಮೊದಲೇ ಆಗಬೇಕು. ಒಂದು ವಾರ ತಡವಾದರೆ ಮೇಲ್ಭಾಗದಲ್ಲಿ ಕೆರೆ ನಿಂತಿರುತ್ತದೆ. ಆಮೇಲೆ ಮೋರಿ ತೆರೆದರೆ ನೀರು ಏಕಾಏಕಿ ಇಳಿದು, ನೀರಿನ ನಡುವೆ ಅಂತ ನಂಬಿ ದಿಬ್ಬದ ಮೇಲೆ ಗೂಡು ಕಟ್ಟಿದ ಹಕ್ಕಿಯ ಕಂದಕವೇ ಬತ್ತಿಹೋಗುತ್ತದೆ. ನರಿ ಒಣಕಾಲಲ್ಲಿ ನಡೆದು ಬರುತ್ತದೆ.

ಮೂರನೆಯದು ಮರಿ ದಾಟುವುದು. ಗೂಡು ಒಳನಾಡಲ್ಲಿ, ಮೇವು ಕರಾವಳಿಯ ಉಪ್ಪುಜೌಗಿನಲ್ಲಿ, ನಡುವೆ ರಸ್ತೆ. ಜುಲೈ ಮೊದಲ ವಾರಗಳಲ್ಲಿ ಸಂಸಾರಗಳು ರಸ್ತೆಯ ದಂಡೆಗೆ ಬಂದು ನಿಲ್ಲುತ್ತವೆ. ಮೊದಲು ಒಂದು ದೊಡ್ಡ ಹಕ್ಕಿ ದಂಡೆ ಹತ್ತಿ ಕತ್ತು ಎತ್ತಿ ಎರಡೂ ಕಡೆ ನೋಡುತ್ತದೆ, ಮರಿಗಳು ಕೆಳಗೆ ಗುಂಪಾಗಿ ಕಾಯುತ್ತವೆ. ಗಾಡಿ ಬಂದರೆ ಎಲ್ಲವೂ ವಾಪಸ್ ನೀರಿಗೆ. ಸತತ ಗಾಡಿ ಇದ್ದರೆ ಹೀಗೆ ಮತ್ತೆ ಮತ್ತೆ. ಗಾಡಿಗೆ ಸಿಕ್ಕಿ ಸಾಯುವ ಮರಿ ಕಡಿಮೆ. ದಾಟಲಾಗದೆ ಕಳೆದ ಹೊತ್ತು, ಗುಂಪಿನಿಂದ ಬೇರೆಯಾದ ಮರಿ, ಅದನ್ನು ಎತ್ತಿಕೊಂಡು ಹೋದ ಗಲ್, ಇವು ಹೆಚ್ಚು. ಪರಿಹಾರ ಸರಳ: ದಾಟುವ ಜಾಗ ಗುರುತಿಸಿ ಬೋರ್ಡ್ ಹಾಕುವುದು, ವೇಗ ಇಳಿಸುವುದು, ಮರಿ ಕಂಡರೆ ದೂರದಲ್ಲೇ ನಿಲ್ಲುವುದು, ಗಾಡಿಗಳನ್ನು ಚದುರಿ ಬಿಡದೆ ಸಾಲಾಗಿ ಒಮ್ಮೆಲೇ ಕಳಿಸಿ ನಡುವೆ ಬಿಡುವು ಕೊಡುವುದು. ಗಾಡಿಯಿಂದ ಇಳಿದು ಅಟ್ಟಲು ಹೋಗಬಾರದು. ಗಾಡಿಗಿಂತ ನಡೆದಾಡುವ ಮನುಷ್ಯನಿಗೆ ಹೆಬ್ಬಾತು ಹೆಚ್ಚು ಬೆದರುತ್ತದೆ.

ಪೈಪುಕೆಲಸ

ಕೊನೆಯ ಮಾತು ನೂರಕ್ಕೆ ನೂರು ನಿಜ. ಗಾಡಿಯೊಳಗೆ ಕೂತರೆ ಕತ್ತೂ ಎತ್ತದ ಹಕ್ಕಿ ಬಾಗಿಲು ತೆರೆದ ಕೂಡಲೇ ಓಡುತ್ತದೆ.

ಹಿಮಗಾಳಿ

ಹೆಲಿಕಾಪ್ಟರ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ, ಆಶ್ಚರ್ಯ. ಟೆಶೆಕ್‌ಪುಕ್ ಸರೋವರದ ವಿಷಯದಲ್ಲಿ ಅದೇ ಮೊದಲು ಬರಬೇಕು.

ಸರೋವರ ಇರುವುದು ಇದೇ ಬಯಲಲ್ಲಿ, 1923ರಲ್ಲಿ ನೌಕಾಪಡೆಗೆಂದು ಮೀಸಲಿಟ್ಟ ಎಣ್ಣೆ ಪ್ರದೇಶದೊಳಗೆ. ಆ ಪ್ರದೇಶ 1976ರಲ್ಲಿ ಅಮೆರಿಕದ ಆಂತರಿಕ ಇಲಾಖೆಗೆ (ಸರಕಾರಿ ಭೂಮಿ ನೋಡಿಕೊಳ್ಳುವ ಇಲಾಖೆ) ಬಂತು, 1977ರಲ್ಲಿ ಸರೋವರದ ಸುತ್ತಲಿನ ಜಾಗಕ್ಕೆ ವಿಶೇಷ ಪ್ರದೇಶದ ಸ್ಥಾನ ಸಿಕ್ಕಿತು. ಸರೋವರದ ಉತ್ತರ, ಪೂರ್ವಕ್ಕೆ ಇರುವ ಕೆರೆಗಳಲ್ಲಿ ಜುಲೈನಲ್ಲಿ ಸಾವಿರಾರು ಹೆಬ್ಬಾತುಗಳು ಗರಿ ಉದುರಿಸಲು ಸೇರುತ್ತವೆ. ಪೆಸಿಫಿಕ್ ಬ್ರ್ಯಾಂಟ್‌ಗಳಲ್ಲಿ ಕೆಲವು ವರ್ಷ ಶೇ 30ರ ತನಕ ಇಲ್ಲಿ ಇರುತ್ತವೆ. ಹೆಚ್ಚಿನವು ಆ ವರ್ಷ ಗೂಡು ಕೈಕೊಟ್ಟವು ಅಥವಾ ಗೂಡು ಮಾಡದವು. ಯೂಕಾನ್ ಕಡೆಯಿಂದ, ಕೆನಡಾದಿಂದ, ರಷ್ಯಾದಿಂದ ಬಂದವು. ಅಂದರೆ ಇಲ್ಲಿನ ಗದ್ದಲದ ಪರಿಣಾಮ ಬೇರೆ ದೇಶದ ಕಾಲೊನಿಯಲ್ಲಿ ಕಾಣಬಹುದು. ಸ್ಥಳೀಯ ಗೂಡು ಎಣಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಾರಲಾಗದ ಹಕ್ಕಿ ಕೆರೆಯ ದಂಡೆಯಿಂದ ದೂರ ಹೋಗಿ ಮೇಯುವುದಿಲ್ಲ. ಹೆಲಿಕಾಪ್ಟರ್ ಸದ್ದು ಬಂದರೆ ಮೊದಲು ಮೇಯುವುದು ನಿಲ್ಲುತ್ತದೆ, ಕತ್ತುಗಳು ನೆಟ್ಟಗಾಗುತ್ತವೆ, ಹಿಂಡು ಒತ್ತಾಗುತ್ತದೆ, ಆಮೇಲೆ ನೀರಿಗೆ ಓಟ. ಸದ್ದು ಹೋದ ಮೇಲೂ ನೀರಿನ ನಡುವೆಯೇ ತೇಲುತ್ತ ನಿಲ್ಲುತ್ತವೆ. ದಿನಕ್ಕೆ ಹಲವು ಸಲ ಹೀಗಾದರೆ ಹೊಸ ಗರಿ ಬೆಳೆಸಬೇಕಾದ ಹೊತ್ತಲ್ಲೇ ತೂಕ ಇಳಿಯುತ್ತದೆ. 1990ರ ಹೊತ್ತಿಗೇ ಇಲ್ಲಿ ಪ್ರಯೋಗಕ್ಕಾಗಿ ಹೆಲಿಕಾಪ್ಟರ್ ಹಾರಿಸಿ, ಬೇರೆ ಬೇರೆ ಮಾರ್ಗ, ಎತ್ತರಕ್ಕೆ ತೂಕನಷ್ಟದ ಲೆಕ್ಕ ಹಾಕಿದ್ದಾರೆ. ದೊಡ್ಡ ಸದ್ದಿನ ಹೆಲಿಕಾಪ್ಟರ್ ಹೆಚ್ಚು ಕೆಟ್ಟದ್ದು, ಮಾರ್ಗ ಬದಲಿಸಿದರೆ ನಷ್ಟ ಗಣನೀಯವಾಗಿ ಇಳಿಯುತ್ತದೆ.

ಎತ್ತರ ಹೆಚ್ಚಿಸಿದರೆ ಸಾಕು ಅನ್ನುವುದು ಅರೆಬರೆ ತಿಳಿವಳಿಕೆ. ಅಲಾಸ್ಕಾದ ನೈರುತ್ಯದ ಐಜೆಂಬೆಕ್ ಕೊಲ್ಲಿಯಲ್ಲಿ 1980ರ ದಶಕದಲ್ಲಿ ಶರತ್ಕಾಲದ ಹಿಂಡುಗಳ ಮೇಲೆ ವಿಮಾನ ಹಾರಿಸಿ ನೋಡಿದಾಗ ಬ್ರ್ಯಾಂಟ್ ಹಿಂಡುಗಳಲ್ಲಿ ಶೇ 75 ಎದ್ದು ಹಾರಿದವು, ಕೆನಡಾ ಹೆಬ್ಬಾತಿನಲ್ಲಿ ಶೇ 9 ಮಾತ್ರ. ತೀರ ತಗ್ಗಿಗಿಂತ ಮಧ್ಯಮ ಎತ್ತರದಲ್ಲಿ, ಸುಮಾರು 300ರಿಂದ 760 ಮೀಟರಿನಲ್ಲಿ, ಗಲಿಬಿಲಿ ಹೆಚ್ಚಿತ್ತು. ಅಲ್ಲಿಂದ ಸದ್ದು ಅಗಲವಾಗಿ ಹರಡುತ್ತದೆ. ಪಕ್ಕಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಸರಿಯುವುದು ಮೇಲಕ್ಕೆ ಏರುವುದಕ್ಕಿಂತ ಖಚಿತ ಉಪಾಯ. ಒಂದು ಜಾತಿಯ ಅಂಕಿಯನ್ನು ಇನ್ನೊಂದಕ್ಕೆ ಅಂಟಿಸಬಾರದು ಅಂತಲೂ ಇದೇ ಅಂಕಿ ಹೇಳುತ್ತದೆ.

ಜೌಗುನೆಲ

ಎಣ್ಣೆ ಸೋರಿದರೆ? ಅದು ಎಲ್ಲರಿಗೂ ಮೊದಲು ನೆನಪಾಗುವ ವಿಷಯ, ಇಲ್ಲಿ ಕೊನೆಗೆ ಬರುತ್ತಿದೆ.

ತೊಟ್ಟುಎಣ್ಣೆ

ಕೊನೆಗೆ ಬಂದದ್ದು ಸರಿಯಾದ ಕ್ರಮವೇ. ಆದರೆ ಸಣ್ಣದೂ ಅಲ್ಲ.

ಮೊಟ್ಟೆಯ ಸೂಕ್ಷ್ಮತೆ ಬೆಚ್ಚಿಬೀಳಿಸುವಂಥದ್ದು. 1970ರ ದಶಕದಲ್ಲಿ ಮಲ್ಲಾರ್ಡ್ ಬಾತಿನ ಮೊಟ್ಟೆಯ ಮೇಲೆ ಎಣ್ಣೆ ಸವರಿ ಮಾಡಿದ ಪ್ರಯೋಗಗಳಲ್ಲಿ 5 ಮೈಕ್ರೊಲೀಟರ್‌ನಷ್ಟು ಸಾಕಾಯಿತು, ಮರಿಯಾಗುವ ಪ್ರಮಾಣ ಬಿತ್ತು. ಒಂದು ತೊಟ್ಟು ಅಂದರೆ ಸುಮಾರು 50 ಮೈಕ್ರೊಲೀಟರ್. ಅದರ ಹತ್ತನೇ ಒಂದು ಪಾಲು. ಚಿಪ್ಪಿನ ರಂಧ್ರ ಮುಚ್ಚಿ ಉಸಿರುಗಟ್ಟಿ ಸಾಯುತ್ತದೆ ಅಂತ ಹಲವರು ಬರೆಯುತ್ತಾರೆ. ಅಷ್ಟು ಕಡಿಮೆ ಎಣ್ಣೆ ಮೊಟ್ಟೆಯನ್ನು ಮುಚ್ಚುವುದೇ ಇಲ್ಲ. ಎಣ್ಣೆಯಲ್ಲಿರುವ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂಬ ರಾಸಾಯನಿಕಗಳು ಒಳಗೆ ಇಳಿದು ಭ್ರೂಣಕ್ಕೆ ವಿಷವಾಗುತ್ತವೆ. ಕಾವಿನ ಮೊದಲ ದಿನಗಳಲ್ಲಿ ಪರಿಣಾಮ ಜಾಸ್ತಿ. ಹಾಗಾಗಿ ಎದೆಗರಿಗೆ ಒಂದಿಷ್ಟು ಎಣ್ಣೆ ಮೆತ್ತಿಕೊಂಡ ತಾಯಿ ತಾನು ಬದುಕಿ, ಕಾವು ಕೂತು, ಇಡೀ ಗೂಡನ್ನು ಕೊಲ್ಲಬಹುದು. ಹೊರಗೆ ನೋಡಿದರೆ ಬಂಜೆ ಮೊಟ್ಟೆ ಅನ್ನಿಸುತ್ತದೆ, ಒಡೆದು ನೋಡಿದರೆ ಮಾತ್ರ ಸತ್ತ ಭ್ರೂಣ ಸಿಗುತ್ತದೆ.

ಮರಿಗಳಲ್ಲಿ ಇನ್ನೊಂದು ದಾರಿ. ಉಪ್ಪುಜೌಗಿನಲ್ಲಿ ಮೇಯುವ ಮರಿ ಹೆಚ್ಚಿನ ಉಪ್ಪನ್ನು ಕಣ್ಣಿನ ಮೇಲಿನ ಗ್ರಂಥಿಯಿಂದ ಹೊರಹಾಕುತ್ತದೆ, ಕರುಳು ನೀರು ಹೀರಿಕೊಳ್ಳಬೇಕು. ಬಾತಿನ ಮರಿಗಳಲ್ಲಿ ಕಚ್ಚಾ ಎಣ್ಣೆ ಹೊಟ್ಟೆಗೆ ಹೋದಾಗ ಸಮುದ್ರದ ನೀರಿಗೆ ಒಗ್ಗಿಕೊಳ್ಳುವ ಈ ಶಕ್ತಿಯೇ ಕುಂದಿತು. ಗಲ್ ಮರಿಗಳಿಗೆ ಒಂದೇ ಸಲ ತಿನ್ನಿಸಿದ್ದಕ್ಕೆ ಬೆಳವಣಿಗೆ ನಿಂತದ್ದೂ ದಾಖಲಾಗಿದೆ. ಮೇಲೆ ಮರಿಲೆಕ್ಕ ಅವರು ಹೇಳಿದ 45 ದಿನದ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ.

ಆದರೆ ನಿಜದ ಸೋರಿಕೆಗಳು ಎಲ್ಲಿ, ಯಾವಾಗ ಆದವು ಅನ್ನುವುದೂ ಮುಖ್ಯ. ಪ್ರೂಡೋ ಬೇಯ ದೊಡ್ಡ ಸೋರಿಕೆ 2006ರ ಮಾರ್ಚ್‌ನದ್ದು. ತುಕ್ಕು ಹಿಡಿದ ಪೈಪಿನ ಕಾಲು ಇಂಚಿನ ತೂತಿನಿಂದ ಹಿಮದ ಅಡಿಯಲ್ಲಿ ದಿನಗಟ್ಟಲೆ ಹರಿದು ಸುಮಾರು 8 ಲಕ್ಷ ಲೀಟರ್. ಹರಡಿದ್ದು ಎರಡು ಎಕರೆಯಷ್ಟೇ, ಚಳಿಗಾಲ, ಹೆಬ್ಬಾತುಗಳು ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ. ನೆಲ ಹೆಪ್ಪಾಗಿದ್ದರಿಂದ ಬಾಚಿ ತೆಗೆಯಲು ಸಾಧ್ಯವಾಯಿತು. ಅಷ್ಟೇ ಎಣ್ಣೆ ಜೂನ್ ಮೊದಲ ವಾರ ಕಾಲ್ವಿಲ್ ನದೀಮುಖದ ನೆರೆಯಲ್ಲಿ ಸೇರಿದ್ದರೆ ಉಪ್ಪುಜೌಗಿನ ತನಕ ಹೋಗುತ್ತಿತ್ತು. ಜೌಗಿನ ಸಣ್ಣ ಹುಲ್ಲು ಮೇಲಿನ ಒಂದೆರಡು ಇಂಚಿನಲ್ಲೇ ಬೇರು ಬಿಡುತ್ತದೆ. ಬಾಚಿ ತೆಗೆದರೆ ಹುಲ್ಲೂ ಹೋಯಿತು, ಬಿಟ್ಟರೆ ಎಣ್ಣೆ ಉಳಿಯಿತು.

ಕೆರೆಏರಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳಿಗೂ ಇದಕ್ಕೂ ಸಂಬಂಧ ಉಂಟೇ?

ಹಿಮಗಾಳಿ

ಇಲ್ಲ. ಅವು ಪಟ್ಟೆತಲೆ ಹೆಬ್ಬಾತುಗಳು, ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುತ್ತವೆ, ಆರ್ಕ್ಟಿಕ್‌ಗೆ ಹೋಗುವುದಿಲ್ಲ. ಬ್ರ್ಯಾಂಟ್ ಚಳಿಗಾಲ ಕಳೆಯುವುದು ಹೆಚ್ಚಾಗಿ ಮೆಕ್ಸಿಕೋದ ಕರಾವಳಿಯಲ್ಲಿ.

ಗೂಡುಗಣಕ

ಇಷ್ಟೆಲ್ಲ ಪರಿಣಾಮ ಇದ್ದರೆ ಅಂಕಿಯಲ್ಲಿ ಏಕೆ ಸ್ಪಷ್ಟವಾಗಿ ಕಾಣುವುದಿಲ್ಲ ಅಂತ ಯಾರಾದರೂ ಕೇಳುವ ಮೊದಲು ಅಳತೆಯ ಬಗ್ಗೆ ಬರೆದುಬಿಡುತ್ತೇನೆ. ಇಲ್ಲಿ ಎಡವುವವರೇ ಹೆಚ್ಚು.

ಗೂಡಿನ ಯಶಸ್ಸನ್ನು "ಕಂಡ ಗೂಡುಗಳಲ್ಲಿ ಇಷ್ಟು ಗೆದ್ದವು" ಅಂತ ಭಾಗಿಸಿ ಹೇಳಬಾರದು. ಮೊದಲ ವಾರದಲ್ಲೇ ನರಿ ತಿಂದ ಗೂಡು ನಿಮಗೆ ಕಾಣುವುದೇ ಇಲ್ಲ. ಅದಕ್ಕೇ ದಿನದಿನದ ಉಳಿವಿನ ದರ ಲೆಕ್ಕ ಹಾಕುತ್ತಾರೆ. ದಿನಕ್ಕೆ 0.98 ಅಂದರೆ 24 ದಿನದ ಕಾವಿಗೆ 0.98 ಅನ್ನು 24 ಸಲ ಗುಣಿಸಿ: ಸುಮಾರು ಶೇ 62. ದಿನಕ್ಕೆ 0.97 ಆದರೆ ಶೇ 48. ದಿನಕ್ಕೆ ನೂರರಲ್ಲಿ ಒಂದೇ ಒಂದು ಗೂಡಿನ ವ್ಯತ್ಯಾಸ, ಋತುವಿನ ಕೊನೆಗೆ ನೂರಕ್ಕೆ ಹದಿನಾಲ್ಕು ಗೂಡು. ಈ ಒಂದು ಶೇಕಡಾವನ್ನು ಹಿಡಿಯಲು ನೂರಾರು ಗೂಡು ಬೇಕು. ಮೂವತ್ತು ಗೂಡು ನೋಡಿ "ವ್ಯತ್ಯಾಸ ಕಂಡುಬಂದಿಲ್ಲ" ಅಂತ ಬರೆಯುವ ವರದಿಗೆ ಹೆಚ್ಚು ಬೆಲೆ ಕೊಡಬೇಡಿ; ನೋಡುವ ಶಕ್ತಿಯೇ ಅದಕ್ಕೆ ಇರಲಿಲ್ಲ.

ನೋಡಲು ಹೋಗುವುದೇ ಇನ್ನೊಂದು ತೊಂದರೆ. ಮನುಷ್ಯ ಬಂದಾಗ ತಾಯಿ ಎದ್ದರೆ ಮೊಟ್ಟೆ ಬಯಲಾಗುತ್ತದೆ, ಗಲ್ ಮೇಲೆ ಸುತ್ತುತ್ತಿರುತ್ತದೆ. ತಾನೇ ಎದ್ದು ಹೋಗುವ ಹೆಣ್ಣು ತುಪ್ಪುಳ ಎಳೆದು ಮೊಟ್ಟೆ ಮುಚ್ಚಿ ಹೋಗುತ್ತದೆ. ಬೆದರಿ ಎದ್ದದ್ದಕ್ಕೆ ಆ ವ್ಯವಧಾನ ಇರುವುದಿಲ್ಲ. ಆದ್ದರಿಂದ ಎಣಿಸಿದವರೇ ತುಪ್ಪುಳವನ್ನು ಸುತ್ತಲಿಂದ ಎಳೆದು, ಮೊಟ್ಟೆ ಒಂದಿಷ್ಟೂ ಕಾಣದಂತೆ ಮುಚ್ಚಿ ಬರಬೇಕು. ರೇವನ್ ಅಥವಾ ಗಲ್ ಹತ್ತಿರ ಕಂಡರೆ ಆ ದಿನ ಗೂಡಿನ ಹತ್ತಿರ ಹೋಗುವುದೇ ಬೇಡ. ಮೊಟ್ಟೆಯ ವಯಸ್ಸಿಗೆ ನೀರಿನಲ್ಲಿ ತೇಲಿಸುವ ಪರೀಕ್ಷೆ ಸಾಕು: ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ಆಮೇಲೆ ದಪ್ಪ ತುದಿ ಮೇಲೇಳುತ್ತದೆ, ಕೊನೆಕೊನೆಗೆ ತೇಲುತ್ತದೆ. ಎಷ್ಟನೇ ದಿನ ಅಂತ ಗೊತ್ತಾದರೆ ಮರಿಯಾಗುವ ದಿನಕ್ಕೇ ಮತ್ತೆ ಹೋಗಬಹುದು, ನಡುವೆ ತೊಂದರೆ ಕೊಡುವುದು ತಪ್ಪುತ್ತದೆ.

ಮರಿಯ ಬೆಳವಣಿಗೆ ಅಳೆಯಬೇಕಾದರೆ ಮೊಟ್ಟೆ ಒಡೆಯುವ ಹೊತ್ತಿಗೆ ಕಾಲಿನ ಪೊರೆಗೆ ಸಣ್ಣ ಲೋಹದ ಗುರುತು ಹಾಕುತ್ತಾರೆ. ತಿಂಗಳ ನಂತರ, ದೊಡ್ಡವೂ ಹಾರಲಾಗದ ಹೊತ್ತಲ್ಲಿ, ಹಿಂಡನ್ನು ಬಲೆಯ ದೊಡ್ಡಿಗೆ ಅಟ್ಟಿ ಗುರುತಿನ ಮರಿಯ ಕಾಲುಮೂಳೆ, ಕೊಕ್ಕು, ತೂಕ ಅಳೆಯುತ್ತಾರೆ. ವಯಸ್ಸು ಖಚಿತ ಇರುವುದರಿಂದ ಎರಡು ಜಾಗಗಳ ಮರಿಗಳನ್ನು ಹೋಲಿಸಬಹುದು. ದೊಡ್ಡಿಯಲ್ಲಿ ಹೆಚ್ಚು ಹೊತ್ತು ಇಡಬಾರದು, ತುಳಿತಕ್ಕೆ ಸಿಕ್ಕ ಮರಿ, ನೆನೆದು ಚಳಿ ಹಿಡಿದ ಮರಿ ಸಾಯುತ್ತದೆ. ಮರಿಗಳನ್ನು ಬೇರೆ ಅಂಕಣಕ್ಕೆ ಹಾಕಿ, ಬಿಡುವಾಗ ದೊಡ್ಡವುಗಳ ಜೊತೆ ಒಟ್ಟಿಗೆ ನೀರಿನ ಕಡೆಗೆ ಬಿಡಬೇಕು.

ಕೊನೆಗೆ ಹೋಲಿಕೆಯ ಜಾಗ. ರಸ್ತೆ ಹಾಕುವುದು ಎತ್ತರದ, ಒಣ ನೆಲದಲ್ಲಿ. ಆ ನೆಲ ರಸ್ತೆ ಬರುವ ಮೊದಲೂ ಬೇರೆಯೇ ಆಗಿತ್ತು. ರಸ್ತೆಯಿಂದ ದೂರ ಹೋದಂತೆ ಗೂಡು ಹೆಚ್ಚಿದರೆ ರಸ್ತೆ ಕಾರಣವೋ ನೆಲ ಕಾರಣವೋ? ಕಟ್ಟುವ ಮೊದಲಿನ ಕೆಲವು ವರ್ಷದ ಅಂಕಿ ಇಲ್ಲದೆ ಇದು ಬಿಡಿಸಲಾಗದ ಗಂಟು.

ಮರಿಲೆಕ್ಕ

ಗೂಡುಗಣಕ ಮೇಡಂ ಹೇಳಿದ್ದಕ್ಕೆ ಎರಡು ಗಂಟು ನನ್ನಿಂದಲೂ ಇರಲಿ.

ಒಂದು ಲೆಮಿಂಗ್, ಆರ್ಕ್ಟಿಕ್‌ನ ಇಲಿಯಂಥ ಸಣ್ಣ ಪ್ರಾಣಿ. ಲೆಮಿಂಗ್ ಸಮೃದ್ಧ ಇದ್ದ ವರ್ಷ ನರಿ ಮೊಟ್ಟೆಯ ಕಡೆ ಅಷ್ಟು ತಿರುಗುವುದಿಲ್ಲ, ಮರುವರ್ಷ ಲೆಮಿಂಗ್ ಕುಸಿದಾಗ ಹೆಚ್ಚಾದ ನರಿಗಳೆಲ್ಲ ಗೂಡಿಗೆ ಬೀಳುತ್ತವೆ. ಯೋಜನೆಗೆ ಮುಂಚಿನ ಒಂದೇ ವರ್ಷ ಒಳ್ಳೆಯ ಲೆಮಿಂಗ್ ವರ್ಷವಾಗಿದ್ದರೆ ಆಮೇಲಿನದೆಲ್ಲ ಕೆಟ್ಟದಾಗಿಯೇ ಕಾಣುತ್ತದೆ, ತಿರುಗುಮುರುಗು ಕೂಡ. ರಷ್ಯಾದ ಕೋಲ್ಗುಯೆವ್ ದ್ವೀಪ ಇದಕ್ಕೆ ವಿಚಿತ್ರ ಅಪವಾದ: ಅಲ್ಲಿ ಎಣ್ಣೆಯೂ ತೆಗೆಯುತ್ತಾರೆ, ಹೆಬ್ಬಾತೂ ಲೆಕ್ಕವಿಲ್ಲದಷ್ಟು, ಇಲಿ ಜಾತಿಯ ಪ್ರಾಣಿಗಳು ಮಾತ್ರ ಇಲ್ಲವೇ ಇಲ್ಲ. ಅಲ್ಲಿನ ಅಂಕಿಯನ್ನು ಅಲಾಸ್ಕಾಕ್ಕೆ ತಂದು "ನೋಡಿ, ಎಣ್ಣೆ ಇದ್ದರೂ ಹಕ್ಕಿ ಇವೆ" ಅನ್ನುವುದು ಅಡ್ಡಾದಿಡ್ಡಿ ವಾದ.

ಎರಡು, ಬಯಲೇ ಬದಲಾಗುತ್ತಿದೆ. ಟೆಶೆಕ್‌ಪುಕ್ ಸುತ್ತ 1970ರ ದಶಕದಿಂದೀಚೆಗೆ ಬಿಳಿಹಣೆ ಹೆಬ್ಬಾತು ಹಲವು ಪಟ್ಟು ಹೆಚ್ಚಿದೆ. ಬ್ರ್ಯಾಂಟ್ ಒಳಗಿನ ಕೆರೆ ಬಿಟ್ಟು ಕರಾವಳಿಗೆ ಸರಿದಿದೆ. ಕರಾವಳಿ ಕುಸಿದು ಉಪ್ಪುನೀರು ಒಳಬಂದಲ್ಲಿ ಅದಕ್ಕೆ ಬೇಕಾದ ಗಿಡ್ಡ ಜೇಕು ಹಬ್ಬಿದ್ದು ಇದಕ್ಕೆ ಕಾರಣಗಳಲ್ಲೊಂದು. ಕಾಲ್ವಿಲ್ ಮುಖದಲ್ಲಿ ಬೆರಳೆಣಿಕೆಯಷ್ಟಿದ್ದ ಹಿಮ ಹೆಬ್ಬಾತು ಸಾವಿರಾರು ಗೂಡಿಗೆ ಏರಿದೆ. ಅಲ್ಲಿನ ಬ್ರ್ಯಾಂಟ್ ಮರಿಗಳು ಯೂಕಾನ್ ಕಡೆಯವಕ್ಕಿಂತ ಚೆನ್ನಾಗಿ ಬೆಳೆಯುತ್ತಿವೆ, ಮೇವು ಹೇರಳ ಇರುವುದರಿಂದ. ಈ ಏರಿಕೆಯ ನಡುವೆ ಎಣ್ಣೆ ಕ್ಷೇತ್ರದ ಕಡಿತ ಅಡಗಿಬಿಡುತ್ತದೆ. ಜೊತೆಗೆ ಹೆಬ್ಬಾತು ದೀರ್ಘಾಯುಷಿ. ಐದು ವರ್ಷ ಮರಿ ಕಡಿಮೆಯಾದರೂ ದೊಡ್ಡವು ಬದುಕಿರುವುದರಿಂದ ಆಕಾಶದಿಂದ ಮಾಡುವ ಎಣಿಕೆಯಲ್ಲಿ ಏನೂ ಕಾಣದು. ಎಣಿಸಬೇಕಾದದ್ದು ಆಗಸ್ಟ್‌ನಲ್ಲಿ ಒಂದು ಜೋಡಿಗೆ ಎಷ್ಟು ಮರಿ ಉಳಿದಿವೆ ಅನ್ನುವುದನ್ನು.

ಪೈಪುಕೆಲಸ

ಸರಿ, ಹಾಗಾದರೆ ಆಲ್ಪೈನ್ ಮಾದರಿ ಒಳ್ಳೆಯದಲ್ಲವೇ? ಶುರುವಿನಲ್ಲಿ ಜಲ್ಲಿ ಹಾಸು ನೂರು ಎಕರೆಗೂ ಕಡಿಮೆ ಇತ್ತು, ಅಡ್ಡಡ್ಡ ಕೊರೆದು ದೂರದ ಎಣ್ಣೆ ತೆಗೆಯುತ್ತಾರೆ, ಹೊರಗಿನ ಕ್ಷೇತ್ರಗಳಿಗೆ ಶಾಶ್ವತ ರಸ್ತೆ ಇಲ್ಲ, ಚಳಿಗಾಲದಲ್ಲಿ ಮಂಜಿನ ರಸ್ತೆ. ಹಕ್ಕಿ ಇಲ್ಲದಾಗ ಭಾರಿ ಸಾಗಣೆ ಎಲ್ಲ ಮುಗಿಯುತ್ತದೆ.

ಜಲ್ಲಿರಸ್ತೆ

ಜಲ್ಲಿಯ ಮಟ್ಟಿಗೆ ಒಳ್ಳೆಯದೇ. ಆದರೆ ಖರ್ಚು ಬೇರೆ ಕಡೆಗೆ ಸರಿಯಿತು ಅಷ್ಟೇ. ರಸ್ತೆ ಇಲ್ಲದ ಕ್ಷೇತ್ರಕ್ಕೆ ಬೇಸಿಗೆಯಲ್ಲಿ ಜನ, ಸಾಮಾನು ಎಲ್ಲ ವಿಮಾನದಲ್ಲಿ. ಬೇಸಿಗೆ ಅಂದರೆ ಗೂಡಿನ ಕಾಲ. ಹಿಮಗಾಳಿ ಅವರು ಹೇಳಿದ್ದನ್ನು ಇಲ್ಲಿಗೆ ಜೋಡಿಸಿ.

ಮಂಜಿನ ರಸ್ತೆಗೂ ನೀರು ಬೇಕು, ಕಿಲೋಮೀಟರಿಗೆ ಇಪ್ಪತ್ತು ಲಕ್ಷ ಲೀಟರಿಗೂ ಹೆಚ್ಚು, ಕೆರೆಗಳ ಮಂಜಿನ ಅಡಿಯಿಂದ ಎತ್ತುತ್ತಾರೆ. ಸಾಮಾನ್ಯ ವರ್ಷ ಕರಗುವ ಹಿಮ ಕೆರೆಯನ್ನು ಮತ್ತೆ ತುಂಬುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ತುಂಬದಿದ್ದರೆ ನಡುಗಡ್ಡೆಯ ಗೂಡು ದಂಡೆಗೆ ಸೇರಿಕೊಳ್ಳುತ್ತದೆ. ಕರಾವಳಿ ಬಯಲಲ್ಲಿ 15 ಸೆಂ.ಮೀ. ಹಿಮ ಮತ್ತು 30 ಸೆಂ.ಮೀ. ಆಳದಲ್ಲಿ ಮೈನಸ್ 5 ಡಿಗ್ರಿ ಬರುವ ತನಕ ಬಯಲಿಗೆ ಗಾಡಿ ಇಳಿಸುವಂತಿಲ್ಲ. ಚಳಿ ತಡವಾಗುತ್ತಿರುವುದರಿಂದ ಆ ಅವಕಾಶ ಕಿರಿದಾಗುತ್ತಿದೆ, ಅದಕ್ಕೇ ಹೊಸ ಯೋಜನೆಗಳು ಮತ್ತೆ ಜಲ್ಲಿ ರಸ್ತೆ ಕೇಳುತ್ತಿವೆ. ವಿಲೋಗೆ ಐದು ಪ್ಯಾಡ್ ಕೇಳಿ ಮೂರು ಸಿಕ್ಕಿತು, ಆದರೆ ಮೂರರ ನಡುವೆಯೂ ಜಲ್ಲಿ ರಸ್ತೆ ಇದೆ.

ಜೌಗುನೆಲ

ತುಂಬ ಸ್ಪಷ್ಟವಾಯಿತು, ಎಲ್ಲರಿಗೂ ವಂದನೆ. ಒಂದು ಕೊನೆ ಪ್ರಶ್ನೆ: ಒಂದು ಪರಿಸರ ವರದಿ ಕೈಗೆ ಸಿಕ್ಕರೆ ಮೊದಲು ಯಾವ ಪುಟ ತೆರೆಯಬೇಕು?

ಗೂಡುಗಣಕ

ಕಟ್ಟುವ ಮೊದಲಿನ ಅಂಕಿ ಎಷ್ಟು ವರ್ಷದ್ದು, ಅದರಲ್ಲಿ ಲೆಮಿಂಗ್ ಕುಸಿದ ವರ್ಷ ಒಂದಾದರೂ ಇದೆಯೇ ಅಂತ ನೋಡಿ. ಗೂಡಿನ ಸಂಖ್ಯೆ ಮಾತ್ರ ಕೊಟ್ಟು ದಿನದ ಉಳಿವಿನ ದರ, ಆಗಸ್ಟ್‌ನ ಮರಿ ಸಂಖ್ಯೆ ಬಿಟ್ಟಿದ್ದರೆ ಕೇಳಿ ತರಿಸಿ. ಆಮೇಲೆ ಹೆಲಿಕಾಪ್ಟರ್ ಪುಟ: ಜುಲೈ, ಆಗಸ್ಟ್‌ಗೆ ದಿನಕ್ಕೆ ಎಷ್ಟು ಹಾರಾಟ ಅಂತ ಇರಬೇಕು, "ವರ್ಷಕ್ಕೆ ಒಟ್ಟು" ಅಂತ ಕೊಟ್ಟಿದ್ದರೆ ಚಳಿಗಾಲದ ಖಾಲಿ ತಿಂಗಳುಗಳು ಸರಾಸರಿಯನ್ನು ಇಳಿಸಿರುತ್ತವೆ.

ಕಾಗೆಗೂಡು

ಕಸದ ಪುಟವನ್ನೂ ಬಿಡಬೇಡಿ. ಊಟದ ಕಸ ಎಲ್ಲಿ ಸುಡುತ್ತಾರೆ, ಸುಡುವ ತನಕ ಎಲ್ಲಿ ಇಡುತ್ತಾರೆ ಅನ್ನುವುದು ಅಲ್ಲಿರಬೇಕು. ಕಟ್ಟಡದ ಚಿತ್ರದಲ್ಲಿ ತಳದ ಲಂಗ ಬರೆದಿದ್ದಾರೆಯೇ, ಅದನ್ನು ವರ್ಷಕ್ಕೊಮ್ಮೆ ನೆಲ ಕುಸಿದ ಮೇಲೆ ಯಾರು ನೋಡಿ ಸರಿಪಡಿಸುತ್ತಾರೆ ಅಂತ ಹೆಸರು ಅಥವಾ ಹುದ್ದೆ ಇದೆಯೇ ನೋಡಿ. ಹುದ್ದೆ ಇಲ್ಲದಿದ್ದರೆ ಯಾರೂ ನೋಡುವುದಿಲ್ಲ.